ಹೊತ್ತು ಮುಳುಗಿದ್ದು ಹೇಳುವ ದೀಪ

ಅಕ್ಕೋಳದ ಅಭಿನಂದನ ಚಿಕ್ಕೋಡಿಯ ಒಂದು ಪಂಪ್‌ಸೆಟ್ ಅಂಗಡಿಯಲ್ಲಿ ಸ್ಟಾರ್ಟರ್ ಪೆಟ್ಟಿಗೆ ರಿಪೇರಿ ಮಾಡುತ್ತಾನೆ. ಹೊಸಬರು ಕೇಳಿದರೆ “ಆಟೊಮೇಷನ್ ಲೈನಿನಾಗ ಅದೀನ್ರಿ” ಎನ್ನುತ್ತಾನೆ. ಊರಲ್ಲಿ ಹಾಗೆನ್ನಲು ಬಾಯಿ ಬರುವುದಿಲ್ಲ. ಅರ್ಧ ಊರಿನ ಮೋಟರುಗಳು ಅವನ ಕೈಯಲ್ಲೇ ಸುಟ್ಟಿವೆ.

ಅವನ ದೊಡ್ಡ ವೈರಿ ಸಂಜೆಯ ಬಸ್ಸು. ಅವನು ಇಳಿಯುವುದಕ್ಕೂ ಹೊತ್ತು ಮುಳುಗುವುದಕ್ಕೂ ಸರಿಹೋಗುತ್ತಿತ್ತು. ಜೈನರ ಮನೆ, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ತಾಯಿ ಸೋನಾಬಾಯಿ ಅಂಗಳಕ್ಕೆ ಬಂದು ಅಂಗೈ ಬಿಡಿಸಿ ನೋಡುತ್ತಾಳೆ. ಗೆರೆ ಕಂಡರೆ ತಾಟು, ಕಾಣದಿದ್ದರೆ ಅಡುಗೆಮನೆಯ ಕದ.

“ಇನ್ನೂ ಬೆಳಕೈತಿ ಬೇ ಅವ್ವಾ.”

“ಅದು ನಿನ್ನ ಹೊಟ್ಟಿಗೆ ಕಾಣಾಕತ್ತೈತಿ, ಕಣ್ಣಿಗಲ್ಲ.”

ಈ ಜಗಳದಲ್ಲಿ ಒಮ್ಮೆಯೂ ಗೆಲ್ಲದ ಅಭಿನಂದನ, ಯಾರ ಕಡೆಗೂ ವಾಲದ ಒಬ್ಬ ಪಂಚನನ್ನು ತಾನೇ ತಯಾರಿಸಲು ಕೂತ. ಒಂದು ಮೈಕ್ರೊಕಂಟ್ರೋಲರ್, ಬೆಳಕು ಅಳೆಯುವ ಸೆನ್ಸರ್, ಒಂದೇ ಬಲ್ಬಿನಲ್ಲಿ ಎರಡು ಬಣ್ಣ ಉರಿಯುವ ಎಲ್‌ಇಡಿ. ಬೆಳಕಿದ್ದರೆ ಹಸಿರು: ಉಣ್ಣು. ಕತ್ತಲಾದರೆ ಕೆಂಪು: ಏಳು. ನಡುವೆ ಎರಡೂ ಕೂಡಿ ಹಳದಿ: ಲಗೂನ ನುಂಗು. ಎಲ್ಲವನ್ನೂ ಖಾಲಿ ಶ್ರೀಖಂಡದ ಡಬ್ಬಿಯಲ್ಲಿ ಕೂರಿಸಿ ಪಡಸಾಲೆಯ ಕಿಟಕಿಗೆ ಕಟ್ಟಿದ.

“ದೀಪ ಹೇಳಿದ್ದ ಖರೆ. ಆಮ್ಯಾಲ ಯಾರೂ ತಕರಾರ ಮಾಡೂಹಂಗಿಲ್ಲ.”

“ನೀನೂ ಮಾಡೂಹಂಗಿಲ್ಲ,” ಎಂದಳು ಸೋನಾಬಾಯಿ.

ಮರುದಿನ ಬಸ್ಸು ತಡ. ಬೀದಿಯಲ್ಲಿ ಎದುರಿಗೆ ಬಂದವರ ಮುಖ ಕಾಣುತ್ತಿರಲಿಲ್ಲ; ಕಿಟಕಿಯಲ್ಲಿ ಮಾತ್ರ ಹಚ್ಚ ಹಸಿರು. ತನ್ನ ಯಂತ್ರದ ಸತ್ಯಸಂಧತೆಗೆ ಮನಸ್ಸಿನಲ್ಲೇ ಕೈಮುಗಿದು ಅಭಿನಂದನ ತಾಟು ಎಳೆದುಕೊಂಡ. ಸೋನಾಬಾಯಿ ದೀಪದ ಹತ್ತಿರ ಹೋಗಿ ಅಂಗೈ ಹಿಡಿದಳು.

“ಗೆರಿ ಕಾಣತಾವು, ಹಸರ ಹಸರ. ಅಲ್ಲೋ, ದೀಪ ಹಚ್ಚಿ, ಬೆಳಕೈತೇನಂತ ಅದನ್ನ ಕೇಳಿದ್ರ ಇಲ್ಲ ಅಂದೀತೇನು?”

ತಾಟು ಎತ್ತಿಕೊಂಡು ಒಳಗೆ ಹೋದಳು.

ವೈರು ಉಳಿಸಲು ಅವನು ಸೆನ್ಸರನ್ನು ಎಲ್‌ಇಡಿಯ ಮಗ್ಗುಲಲ್ಲೇ ಕೂರಿಸಿದ್ದ. ದೀಪ ತನ್ನ ಬೆಳಕನ್ನು ತಾನೇ ಕಂಡು ಇನ್ನೂ ಹಗಲೆಂದು ನಂಬಿತ್ತು. ಮಾಡಿದವನ ಸ್ವಭಾವವೇ ಬಂದಿತ್ತು ಅದಕ್ಕೆ.

ರವಿವಾರ ಹಟ ಹಿಡಿದು ಕೂತ. ಕಣ್ಣು ಪಿಳುಕಿಸುವಷ್ಟು ಹೊತ್ತು ಎಲ್‌ಇಡಿ ಆರಿಸಿ, ಆಗಷ್ಟೇ ಹೊರಗಿನ ಬೆಳಕು ಅಳೆದು, ಮತ್ತೆ ಹಚ್ಚುವಂತೆ ಪ್ರೋಗ್ರಾಮು ತಿದ್ದತೊಡಗಿದ. ಸೋನಾಬಾಯಿ ಊಟಕ್ಕೆ ಕರೆದಳು.

“ಬಂದ್ನಿ ಬೇ.”

ಬಿಸಿಲು ಗೋಡೆ ಇಳಿಯಿತು. ಮತ್ತೆ ಕರೆದಳು.

“ಇದೊಂದ ಆತಂದ್ರ ಬಂದ್ನಿ.”

ದೀಪ ಹಳದಿಯಾಯಿತು. ಅಭಿನಂದನ ಉಸಿರು ಹಿಡಿದು ನೋಡುತ್ತಲೇ ಇದ್ದ. ಅಂಗಳದಲ್ಲಿ ಸೋನಾಬಾಯಿಯ ಅಂಗೈ ಗೆರೆ ಮಾಯವಾದದ್ದೂ ಕಿಟಕಿಯಲ್ಲಿ ಕೆಂಪು ಹತ್ತಿದ್ದೂ ಒಂದೇ ಗಳಿಗೆಗೆ.

“ನೋಡಿದಿ ಬೇ ಅವ್ವಾ? ಈಗ ಹೇಳು.”

“ಬರೋಬರಿ ಐತೋಪಾ,” ಎಂದು ಸೋನಾಬಾಯಿ ಅಡುಗೆಮನೆಯ ಕದ ಹಾಕಿದಳು.

ಅಭಿನಂದನ ಕೆಂಪು ದೀಪದ ಫೋಟೊ ತೆಗೆದು ವಾಟ್ಸಾಪಿನ ಸ್ಟೇಟಸ್ಸಿಗೆ ಹಾಕಿದ. ಎಲ್ಲರಿಗಿಂತ ಮೊದಲು ಅದಕ್ಕೆ ಹೃದಯ ಒತ್ತಿದ್ದು, ಉಂಡು ಕೈತೊಳೆದು ಕೂತಿದ್ದ ಸೋನಾಬಾಯಿ.