ಬ್ಲ್ಯಾಕೌಟ್ ಕೊಡಿ ಎಂದವನು ನಾನೇ

‘ಧಡ್’ ಎಂದಿತು. ಹಿಂದೆಯೇ ಚಪ್ಪಾಳೆ.

ವಾರವಾಯಿತು. ಈಗಲೂ ಕ್ಲಾಸಿನಲ್ಲಿ ಪಾಠ ಹೇಳುತ್ತಾ ಪ್ಲಾಟ್‌ಫಾರಂ ಅಂಚಿಗೆ ಬಂದರೆ ಗಕ್ಕನೆ ನಿಲ್ಲುತ್ತೇನೆ.

ಸುರಪುರ ಕಡೆಯ ಬಯಲಾಟದ ಮೇಳವೊಂದನ್ನು ದೊಡ್ಡ ಶಹರಕ್ಕೆ ಕರೆದೊಯ್ದಿದ್ದೆ. ಅಲ್ಲಿನ ವಿಶ್ವವಿದ್ಯಾಲಯದ ಸ್ವಂತ ರಂಗಮಂದಿರದಲ್ಲಿ ಸಂಜೆಯ ಆಟ. ಎಸಿ, ಮೆತ್ತನೆಯ ಕುರ್ಚಿ. ವೇದಿಕೆಯ ಮುಂದೆ ವಾದ್ಯದವರು ಕೂರಲೆಂದೇ ತೋಡಿದ, ಆಳುದ್ದ ಮೀರಿದ ಗುಂಡಿ; ನಮ್ಮ ವಾದ್ಯದವರು ವೇದಿಕೆಯ ಮೇಲೇ ಕೂತಿದ್ದರಿಂದ ಅದು ಖಾಲಿ.

ಭೀಮನ ಪಾತ್ರ ಮಲ್ಲಪ್ಪನದು. ಊರಲ್ಲಿ ಆತ ನೀರಗಂಟಿ. ಕಾಲುವೆಯ ಗೇಟು ಎತ್ತಿ ಹೊಲಗಳಿಗೆ ನೀರು ಬಿಡುವವನು.

“ಸರ್, ಭೀಮನ ಶಪಥ ಮುಗಿದ ತಕ್ಷಣ ಬ್ಲ್ಯಾಕೌಟ್ ಕೊಡ್ಲಾ?” ಲೈಟ್ ನೋಡಿಕೊಳ್ಳುವ ಹೆಣ್ಣುಮಗಳು ಕೇಳಿದ್ದಳು.

“ಕೊಡಿ ಮೇಡಂ.” (ನಾಟಕದ ಕೋರ್ಸ್ ಮಾಡಿದವನಲ್ಲವೇ ನಾನು!)

ಆದರೆ ಬಯಲಾಟದ ಶಪಥ ಮಾತಿಗೆ ಮುಗಿಯುತ್ತದೆಯೇ? ಮಾತಾದ ಮೇಲೆ ಗೆಜ್ಜೆಗಾಲಲ್ಲಿ ಮೂರು ಹೆಜ್ಜೆ ಜನರತ್ತ ನುಗ್ಗಬೇಕು. ಬೆಳಕಿದ್ದರೆ ಮಲ್ಲಪ್ಪ ಗುಂಡಿ ನೋಡಿ ನಿಲ್ಲುತ್ತಿದ್ದ.

ಗೆಜ್ಜೆ ಘಲ್ ಎಂದಿತು. ದೀಪ ಆರಿತು. ಘಲ್. ‘ಧಡ್!’

ಮುಂದಿನ ಸಾಲಿನಲ್ಲಿದ್ದ ನಾನು ‘ಲೈಟ್!’ ಎಂದು ಕೂಗಿದೆ. ಸುತ್ತಲಿನವರು ಎಫೆಕ್ಟ್ ಎಂದುಕೊಂಡು ಚಪ್ಪಾಳೆ ತಟ್ಟುತ್ತಿದ್ದರು.

ಬೆಳಕು ಬಂತು. ಮಲ್ಲಪ್ಪ ಅಂಚಿನಲ್ಲಿ ಒಂಟಿಗಾಲಲ್ಲಿ ನಿಂತಿದ್ದ. ಇನ್ನೊಂದು ಪಾದ ಗುಂಡಿಯ ಮೇಲೆ, ಗಾಳಿಯಲ್ಲಿ. ಬಿದ್ದದ್ದು ಕಟ್ಟಿಗೆಯ ಗದೆ.

ಬಣ್ಣದ ಕೋಣೆಯಲ್ಲಿ ಆತನೇ ನನಗೆ ನೀರು ಕೊಟ್ಟ.

“ಮಾಸ್ತರ್ರ, ಇಷ್ಟ್ ದೊಡ್ಡ ಶಹರದಾಗೂ ಕರೆಂಟ್ ಹೋಗ್ತದೇನ್ರಿ?”

“ಹೋಗಿದ್ದಲ್ಲಪಾ, ತೆಗೆಸಿದ್ದು. ನೀ ಹೆಂಗ ನಿಂತಿ?”

“ಕಾಲುವಿ ದಂಡಿ ಮ್ಯಾಲ ಅಡ್ಡಾಡೋ ಕಾಲ್ರಿ ಇದು. ಕಣ್ಣು ಕಾಣ್ಲಿಲ್ಲಂದ್ರ ಮೊದಲ ಬೆರಳು ಮುಂದಿಟ್ಟು ನೋಡ್ತದ. ನೆಲ ಸಿಗಲಿಲ್ಲ, ನಿಂತೆ.”

ಹಾರ್ಮೋನಿಯಂ ಬಾರಿಸುವ ಸಾಬಣ್ಣ ಬಿಡಲಿಲ್ಲ. “ಏ ಭೀಮಾ, ಗದಾ ಒಗದು ಜೀವಾ ಉಳಸ್ಕೊಂಡ್ಯಲ್ಲೋ! ಇನ್ನ ದುರ್ಯೋಧನಗ ಹಾರ್ಮೋನಿಯಂ ತಗೊಂಡು ಹೊಡೀತಿ ಏನು?”

ಎಲ್ಲರೂ ನಕ್ಕರು. ಬಾಗಿಲಲ್ಲಿ ನಿಂತಿದ್ದ ಲೈಟಿನ ಹೆಣ್ಣುಮಗಳು ಅಳುತ್ತಿದ್ದಳು.

“ನೀ ಯಾಕ ಅಳ್ತಿ ಯವ್ವಾ? ಹೇಳಿದ್ದು ಮಾಡಿದಿ,” ಎಂದ ಮಲ್ಲಪ್ಪ.

ನಿಜ. ಆಕೆಯನ್ನು ದೂರುವಂತಿಲ್ಲ, ರಂಗಮಂದಿರವನ್ನೂ. ಆ ಬ್ಲ್ಯಾಕೌಟ್ ವಿಷಯ ಪರದೆ ಎಳೆಯುವವರಿಗೆ ಹೇಳಿದ್ದೆ, ನಿರೂಪಕರಿಗೆ ಹೇಳಿದ್ದೆ. ಮುಖ್ಯ ಅತಿಥಿಗಳ ಕಿವಿಯಲ್ಲೂ ಹೆಮ್ಮೆಯಿಂದ ಉಸುರಿದ್ದೆ.

ಹೇಳದೆ ಬಿಟ್ಟದ್ದು ಒಬ್ಬನಿಗೇ: ಆ ಕತ್ತಲಲ್ಲಿ ಹೆಜ್ಜೆ ಇಡಬೇಕಾದವನಿಗೆ.