ಇಪ್ಪತ್ತಾರು ಮಕ್ಕಳ ಶಿವರಾತ್ರಿ

ಅದು 1984ನೇ ಇಸವಿ. ಆಗ ನಾವು ವಿಜಯನಗರದಲ್ಲಿ, ಆರ್‌ಪಿಸಿ ಲೇಔಟಿಗೆ ಹೊಂದಿಕೊಂಡ ಒಂದು ಸಣ್ಣ ಬೀದಿಯಲ್ಲಿದ್ದೆವು. ಕೆಲಸಕ್ಕೆ ಹೋಗುವ ಹೆಂಗಸರೆಲ್ಲ ಬೆಳಿಗ್ಗೆ ಮಕ್ಕಳನ್ನು ಬಿಟ್ಟು ಹೋಗುತ್ತಿದ್ದದ್ದು ಗೌರಮ್ಮನವರ ಮನೆಯಲ್ಲಿ. ಅವರ ಗಂಡ ಬಿನ್ನಿಪೇಟೆ ಕಡೆ ಗಿರಣಿ ಕೆಲಸದಲ್ಲಿದ್ದವರು, ತೀರಿಕೊಂಡು ವರ್ಷಗಳಾಗಿದ್ದವು. ಸ್ವಂತ ಮಕ್ಕಳಿರಲಿಲ್ಲ. ನಾವು ದುಡ್ಡು ಕೊಡಲು ಹೋದರೆ, "ಮಗು ನೋಡ್ಕೊಳ್ಳೋಕೆ ಯಾರಾದ್ರೂ ಕೂಲಿ ತಗೋತಾರೇನೇ?" ಎಂದು ಗದರುತ್ತಿದ್ದರು. ನನ್ನ ಮಗಳು ಶೋಭಾ ಮಾತು ಕಲಿತದ್ದೇ ಅವರ ತೊಡೆಯ ಮೇಲೆ.

ಆ ವರ್ಷ ಅವರಿಗೆ ಗಂಟಲಲ್ಲಿ ಕ್ಯಾನ್ಸರ್ ಎಂದು ಗೊತ್ತಾಯಿತು, ಮಕ್ಕಳನ್ನು ನೋಡಿಕೊಳ್ಳುವುದು ನಿಂತಿತು. ಆಸ್ಪತ್ರೆಗೆ ಕರೆದುಕೊಂಡು ಹೋದವಳು ನಾನೇ. ದಿನಾ ಕರೆಂಟ್, ಅಂದರೆ ರೇಡಿಯೇಷನ್, ಕೊಡಿಸಬೇಕು, ಔಷಧಿ ಹೊರಗಿನಿಂದ ತರಬೇಕು ಎಂದರು ಡಾಕ್ಟರು. ನಾನು ಮೆಲ್ಲಗೆ, "ಸಾರ್, ಇದು ಅಂಟುತ್ತಾ?" ಎಂದೆ. "ಏನಮ್ಮಾ, ಓದಿದೋರು ನೀವೂ ಹಿಂಗಂತೀರಾ? ಒಟ್ಟಿಗೆ ಊಟ ಮಾಡಿ, ಏನೂ ಆಗಲ್ಲ" ಎಂದರು.

ದುಡ್ಡು ಹೊಂದಿಸುವ ಉಪಾಯ ನನ್ನದೇ. ನನಗೆ ಎಲ್ಲದರಲ್ಲೂ ಮುಂದೆ ನಿಲ್ಲುವ ಚಟ. ಶಿವರಾತ್ರಿಯ ರಾತ್ರಿ ನಮ್ಮ ಕಡೆಯ ಹೆಂಗಸರೆಲ್ಲ ದೇವಸ್ಥಾನದಲ್ಲಿ ಜಾಗರಣೆ ಮಾಡುವವರು. ಮಕ್ಕಳನ್ನು ಕಟ್ಟಿಕೊಂಡು ಹೋದರೆ ಜಾಗರಣೆಯೂ ಇಲ್ಲ, ಪೂಜೆಯೂ ಇಲ್ಲ. ಆ ಒಂದು ರಾತ್ರಿ ಮಕ್ಕಳನ್ನು ಮಹಿಳಾ ಸಮಾಜದ ಹಾಲಿನಲ್ಲಿ ನಾವು ಮಲಗಿಸಿಕೊಳ್ಳುವುದು, ಮಗುವಿಗೆ ಐದು ರೂಪಾಯಿ, ಬಂದದ್ದೆಲ್ಲ ಗೌರಮ್ಮನವರಿಗೆ. ಪಕ್ಕದ ಮನೆಯ ಅಜ್ಜಿ, "ಮಗು ಮಲಗಿಸೋಕೂ ದುಡ್ಡಾ? ಕಲಿಗಾಲ ಕಣೇ!" ಎಂದು ನಕ್ಕರು. ನಾವು ನಾಲ್ವರು ಗೆಳತಿಯರು ಬಿಡದೆ ಮನೆಮನೆ ಸುತ್ತಿ ಇಪ್ಪತ್ತಾರು ಮಕ್ಕಳನ್ನು ಒಪ್ಪಿಸಿಕೊಂಡು ಬಂದೆವು.

ಹಿಂದಿನ ದಿನ ಬ್ಯಾಂಕ್ ಆಫೀಸರ ಹೆಂಡತಿ ನನ್ನನ್ನು ಗೇಟಿನಲ್ಲಿ ನಿಲ್ಲಿಸಿದರು. "ರೀ, ಆಯಮ್ಮ ಅಲ್ಲಿಗೆ ಬರಲ್ಲ ತಾನೇ? ಆ ಕಾಯಿಲೆ ಅಂಟುತ್ತಂತೆ."

ಅಂಟುವುದಿಲ್ಲ ಎಂದು ಹೇಳಬೇಕಿತ್ತು. ಡಾಕ್ಟರ ಬಾಯಿಂದಲೇ ಕೇಳಿಕೊಂಡು ಬಂದವಳು ನಾನು! ಆದರೆ ಒಬ್ಬರು ಹಿಂದೆ ಸರಿದರೆ ಎಲ್ಲರೂ ಸರಿಯುತ್ತಾರೆ ಎಂಬ ಹೆದರಿಕೆ. "ಛೆ ಛೆ, ಅವರನ್ನ ಯಾಕ್ರೀ ಕರೀತೀವಿ?" ಎಂದುಬಿಟ್ಟೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ.

ಶಿವರಾತ್ರಿಯ ಸಂಜೆ ತಾಯಂದಿರು ಹಾಸಿಗೆ ಸುತ್ತಿಕೊಂಡು ಮಕ್ಕಳನ್ನು ಕರೆತರುತ್ತಿದ್ದರು. ಆಗ ಗೌರಮ್ಮನವರು ಬಂದರು. ಸ್ನಾನ ಮಾಡಿ, ಒಗೆದ ಸೀರೆ ಉಟ್ಟು, ಕರೆಂಟಿನಿಂದ ಕಪ್ಪಾಗಿದ್ದ ಕತ್ತಿಗೆ ಸೆರಗು ಸುತ್ತಿಕೊಂಡಿದ್ದರು. ಸ್ವರ ಪೂರ್ತಿ ಒಡೆದಿತ್ತು. "ನನ್ನ ಮಕ್ಕಳನ್ನೆಲ್ಲ ನೀವು ಮಲಗಿಸ್ತಿದೀರಿ, ನಾನೊಬ್ಬಳೇ ಮನೇಲಿ ಹೆಂಗೆ ಕೂರ್ಲೇ?" ಎಂದರು. ಬ್ಯಾಂಕ್ ಆಫೀಸರ ಹೆಂಡತಿ ಬಾಗಿಲಲ್ಲೇ ನಿಂತು ಮಗನ ಕೈ ಹಿಡಿದುಕೊಂಡರು. ಹಿಂದೆ ಬಂದವರೂ ನಿಂತರು.

ನಾನು ಗೌರಮ್ಮನವರನ್ನು ಹೊರಗೆ ಕರೆದುಕೊಂಡು ಹೋದೆ. "ನೀವು ಮನೆಗೆ ಹೋಗಿ ರೆಸ್ಟ್ ತಗೊಳ್ಳಿ, ಗೌರಮ್ನೋರೇ."

"ಮೂಲೇಲಿ ಕೂತಿರ್ತೀನಿ ಕಣೇ. ಯಾವ ಮಗೂನೂ ಮುಟ್ಟಲ್ಲ."

ಅಯ್ಯೋ, ಅವರಿಗೆ ಎಲ್ಲವೂ ಅರ್ಥವಾಗಿಹೋಗಿತ್ತು. ಅಲ್ಲಿಗಾದರೂ ನಾನು ಬಾಯಿ ಮುಚ್ಚಬಹುದಿತ್ತು. "ನೀವಿದ್ರೆ ಯಾರೂ ಮಕ್ಕಳನ್ನ ಬಿಡಲ್ಲ. ದುಡ್ಡು ನಿಮಗೇ ತಾನೇ ಬರೋದು?" ಎಂದೆ. ಅಷ್ಟರಲ್ಲಿ ಶೋಭಾ "ಗೌರತ್ತೇ!" ಎಂದು ಓಡಿ ಬಂದಳು. ಎಲ್ಲರೂ ನೋಡುತ್ತಿದ್ದರು. ನಾನು ಅವಳ ರಟ್ಟೆ ಹಿಡಿದು ಒಳಗೆ ಎಳೆದುಕೊಂಡೆ. ಗೌರಮ್ಮನವರು ಚಾಚಿದ್ದ ಕೈಗಳನ್ನು ಹಿಂದಕ್ಕೆ ತೆಗೆದುಕೊಂಡು, ಬಂದ ದಾರಿಯಲ್ಲೇ ಹೋದರು.

ಆ ರಾತ್ರಿ ಒಬ್ಬರೂ ನೆಟ್ಟಗೆ ಮಲಗಲಿಲ್ಲ. ಒಂದು ಮಗು ಅತ್ತರೆ ಹತ್ತು ಮಕ್ಕಳು ಅಳುತ್ತಿದ್ದವು. ಅರ್ಧಕ್ಕರ್ಧ ಮಕ್ಕಳಿಗೆ ಬೇಕಾಗಿದ್ದವರು ಅಮ್ಮಂದಿರಲ್ಲ, ಗೌರತ್ತೆ. "ಬರ್ತಾರೆ, ಮಲಕ್ಕೋ" ಎಂದು ಸುಳ್ಳು ಹೇಳಿ ಹೇಳಿ ನನಗೇ ಅಸಹ್ಯವಾಯಿತು.

ಬೆಳಿಗ್ಗೆ ದುಡ್ಡಿನ ಕವರ್ ಹಿಡಿದು ನಾಲ್ವರೂ ಅವರ ಮನೆಗೆ ಹೋದೆವು. ಏನೂ ಆಗದವರ ಹಾಗೆ ಚಾಪೆ ಹಾಸಿದರು. ನಾಲ್ಕು ಲೋಟ ಕಾಫಿ ತಂದಿಟ್ಟರು. "ರಾತ್ರಿಯೆಲ್ಲಾ ನಿದ್ದೆಗೆಟ್ಟಿದೀರಿ, ಕುಡೀರಿ." ಒಬ್ಬಳು ಉಪವಾಸ ಬಿಟ್ಟಿಲ್ಲ ಎಂದಳು. ಇನ್ನಿಬ್ಬರು ಈಗ ತಾನೇ ಕುಡಿದೆವು ಎಂದರು. ಎಲ್ಲರೂ ನನ್ನ ಮುಖ ನೋಡಿದರು. ಡಾಕ್ಟರ ಮಾತು ನೆನಪಿತ್ತು, ದೇವರಾಣೆ ನೆನಪಿತ್ತು. ಆದರೂ ಮನೆಯಲ್ಲಿ ಸಣ್ಣ ಮಗುವಿದೆ ಅನ್ನಿಸಿ ಕೈ ಮುಂದೆ ಹೋಗಲಿಲ್ಲ. "ಆಫೀಸಿಗೆ ಹೊತ್ತಾಯ್ತು" ಎಂದೆ.

ಗೌರಮ್ಮನವರು ಕವರನ್ನು ಎತ್ತಿ ನನ್ನ ಕೈಗೆ ಕೊಟ್ಟರು. "ನನ್ನ ಕಾಫಿ ಬೇಡ ಅಂದ್ಮೇಲೆ ನಿಮ್ಮ ದುಡ್ಡು ನನಗ್ಯಾಕ್ರಮ್ಮಾ?" ಎಂದರು. ಅದುವರೆಗೂ ಅವರು ನನ್ನನ್ನು ಬಹುವಚನದಲ್ಲಿ ಕರೆದವರೇ ಅಲ್ಲ.

ಆಮೇಲೆ ಅವರು ಕರೆಂಟಿಗೆ ಹೋಗಲಿಲ್ಲ. ನಾನು ಎಷ್ಟು ಸಲ ಹೋದರೂ ಬಾಗಿಲು ತೆಗೆಯಲಿಲ್ಲ. ಬ್ಯಾಡರಹಳ್ಳಿಯಿಂದ ತಂಗಿ ಬಂದು ಕರೆದುಕೊಂಡು ಹೋದರಂತೆ. ಮಳೆಗಾಲ ಶುರುವಾಗುವ ಮೊದಲೇ ತೀರಿಕೊಂಡರೆಂದು ಸುದ್ದಿ ಬಂತು.

ಗೆಳತಿಯರು, "ಪಾಪ, ನಮ್ಮ ಕೈಲಾದದ್ದು ಮಾಡಿದ್ವಿ" ಎನ್ನುತ್ತಾರೆ. ನಾನು ಹಾಗೆ ಹೇಳಲಾರೆ. ಅವರಿಗೆ ತಿಳಿದಿರಲಿಲ್ಲ, ಹೆದರಿದರು. ನನಗೆ ತಿಳಿದಿತ್ತು. ಒಂದು ಗುಟುಕು ಕುಡಿದಿದ್ದರೆ ಗೌರಮ್ಮನವರು ಆ ದುಡ್ಡು ಇಟ್ಟುಕೊಳ್ಳುತ್ತಿದ್ದರು, ಆಸ್ಪತ್ರೆಗೂ ಹೋಗುತ್ತಿದ್ದರು. ನಾನು ಕುಡಿಯಲಿಲ್ಲ.