ಹಾಂಕಾಳ ತಮ್ಮ

ಸಬ್ಬಸಿಗೆ ಸೊಪ್ಪು ಹೆಚ್ಚುವಾಗ ಏಳುವ ಘಾಟು ಮೂಗಿಗೆ ತಾಗಿದರೆ ಈಗಲೂ ನನ್ನ ಕೈ ತಾನಾಗಿ ನಿಲ್ಲುತ್ತದೆ. ನೀವೂ ಇಂಥ ಯಾವುದೋ ವಾಸನೆಗೆ ಸಿಕ್ಕಿಬಿದ್ದಿರಬಹುದು. ಅದು ಕರೆದೊಯ್ಯುವ ಮನೆ ಈಗಿಲ್ಲವೆಂದು ಗೊತ್ತಿದ್ದರೂ ಅದರ ಹಿಂದೆ ಹೋಗದೆ ಇರಲಾಗುವುದಿಲ್ಲ. ನನ್ನನ್ನು ಅದು ಕುವೈತಿನ ಮಂಗಫ್‌ಗೆ, ತೊಂಬತ್ತರ ದಶಕದ ನಮ್ಮ ಎರಡು ಕೋಣೆಯ ಫ್ಲ್ಯಾಟಿಗೆ ಒಯ್ಯುತ್ತದೆ. ಅಪ್ಪ ರಿಫೈನರಿಯಲ್ಲಿ ಫಿಟರ್. ನಿಪ್ಪಾಣಿಯ ಕಡೆಯವಳಾದ ಅವ್ವನಿಗೆ ಕನ್ನಡದಷ್ಟೇ ಮರಾಠಿಯೂ ಬರುತ್ತಿತ್ತು. ಅಡುಗೆಮನೆಯ ಕಿಟಕಿ ಮೆಟ್ಟಿಲ ಕಡೆಗೆ ತೆರೆಯುತ್ತಿದ್ದುದರಿಂದ ಅವಳ ಒಗ್ಗರಣೆಯ ವಾಸನೆ ಇಡೀ ಕಟ್ಟಡಕ್ಕೆ ಗೊತ್ತಾಗುತ್ತಿತ್ತು. ಆ ಕಟ್ಟಡವನ್ನು ಕೆಡವಿ ಬಹಳ ಕಾಲವಾಯಿತು. ಅಪ್ಪ ಅವ್ವ ಇಬ್ಬರೂ ಈಗಿಲ್ಲ.

ಒಂದು ಶುಕ್ರವಾರ ಮಧ್ಯಾಹ್ನ ಆ ವಾಸನೆಯನ್ನು ಹಿಡಿದುಕೊಂಡೇ ಸ್ಟೆಫಾನ್ ಮೇಲೆ ಬಂದರು. ನೆಲಮಹಡಿಯಲ್ಲಿ ಒಬ್ಬರೇ ಇದ್ದ ಅಮೆರಿಕನ್ ಮುದುಕ. ಒಂದು ಕಂಪನಿಯಲ್ಲಿ ಜನರೇಟರುಗಳ ಉಸ್ತುವಾರಿ ಕೆಲಸ. ಹಿಂದೆ ಸೈನ್ಯದಲ್ಲಿದ್ದವರೆಂದು ಕೇಳಿ ನಾವು ಮಕ್ಕಳು ಅವರ ಬಾಗಿಲ ಮುಂದೆ ಓಡುತ್ತಲೂ ಇರಲಿಲ್ಲ. ಆ ದಿನ ಅವರು ಬಾಗಿಲಲ್ಲಿ ನಿಂತು, ತಡವರಿಸಿ, ಅವ್ವನನ್ನು ಮರಾಠಿಯಲ್ಲಿ ಮಾತಾಡಿಸಿದರು. “ಬಾಯೀ, ಆ ಸೊಪ್ಪು... ನನ್ನ ತಾಯಿ ಬಟಾಟೆಗೆ ಹಾಕುತ್ತಿದ್ದಳು.” ಅವ್ವ ಸೌಟು ಹಿಡಿದುಕೊಂಡೇ ಅಪ್ಪನತ್ತ ತಿರುಗಿದಳು. “ಅಯ್ಯ, ಇವ್ರು ನಮ್ಮ ಕಡೀ ಮಾತ ಆಡ್ತಾರಲ್ರೀ.” ಆಮೇಲೆ ಬಾಗಿಲು ಪೂರ್ತಿ ತೆಗೆದು, “ಬರ್ರಿ ಒಳಗ, ಊಟಕ್ಕ ಕೂಡ್ರಿ” ಎಂದಳು. ಕನ್ನಡ ಅವರಿಗೆ ತಿಳಿಯಲಿಲ್ಲ; ಕರೆದದ್ದು ತಿಳಿಯಿತು. ರೊಟ್ಟಿ ಪಲ್ಯ ಉಂಡು, ಕೊನೆಗೆ ಮಗುವಿನಂತೆ ಬೆಲ್ಲ ಕೇಳಿದರು.

ಅಲ್ಲಿಂದಾಚೆ ಶುಕ್ರವಾರದ ಊಟಕ್ಕೆ ಅವರು ಬಾರದೆ ಇದ್ದದ್ದು ಅಪರೂಪ. ಅರ್ಧ ಇಂಗ್ಲಿಷ್, ಅರ್ಧ ಹರಕು ಮರಾಠಿಯಲ್ಲಿ ಅವರು ಹೇಳಿದ್ದನ್ನೆಲ್ಲ ಹೊಂದಿಸಿ ನೋಡಿದರೆ ಕಥೆ ಇಷ್ಟು. ಅವರು ಹುಟ್ಟಿದ್ದು ಪೋಲೆಂಡಿನ ಒಂದು ಹಳ್ಳಿಯಲ್ಲಿ. ಎರಡನೇ ಮಹಾಯುದ್ಧದ ಮೊದಲ ಚಳಿಗಾಲದಲ್ಲಿ ರಷ್ಯಾದ ಸೈನಿಕರು ಊರಿನವರನ್ನು ದನದ ರೈಲಿಗೆ ತುಂಬಿ ಉತ್ತರದ ಕಾಡುಗಳಿಗೆ ಕಳಿಸಿದರು. ತಂದೆ ಅಲ್ಲೇ ತೀರಿಕೊಂಡ. ಬಿಡುಗಡೆಯಾಗಿ ದಕ್ಷಿಣಕ್ಕೆ ಬರುವ ದಾರಿಯಲ್ಲಿ ತಾಯಿ ಹೋದಳು. ಉಳಿದದ್ದು ಅವರು, ಅವರಿಗಿಂತ ತುಸು ದೊಡ್ಡವಳಾದ ಅಕ್ಕ ಹಾಂಕಾ. ಹಾಗೆ ಅನಾಥರಾದ ಎಷ್ಟೋ ಮಕ್ಕಳ ಜೊತೆ ಇಬ್ಬರೂ ಹಡಗೇರಿ ಹಿಂದೂಸ್ತಾನಕ್ಕೆ ಬಂದು, ಕೊಲ್ಹಾಪುರದ ಹತ್ತಿರದ ನಿರಾಶ್ರಿತರ ಶಿಬಿರ ಸೇರಿದರು. ಕಬ್ಬಿನ ಗದ್ದೆಗಳು, ಆಲೆಮನೆಯ ಬಿಸಿ ಬೆಲ್ಲ, ಬುಟ್ಟಿ ಹೊತ್ತು ಬರುವ ಬಾಳೆಹಣ್ಣಿನವಳ ಕೂಗು. “ನನ್ನ ಬಾಲ್ಯ ಅಂತ ಒಂದಿದ್ದರೆ ಅದು ಅಲ್ಲಿಯದೇ” ಎನ್ನುತ್ತಿದ್ದರು. ಅವರ ಅಂಗಿ ಒಗೆದು, ತಲೆ ಬಾಚಿ, ಪಾಠ ಹೇಳಿ, ಕಿವಿ ಹಿಂಡಿ ಹಾಂಕಾ ಅವರಿಗೆ ಅವ್ವನಾಗಿದ್ದಳು.

ಯುದ್ಧ ಮುಗಿದು ಶಿಬಿರ ಮುಚ್ಚುವ ಹೊತ್ತಿಗೆ ಅಮೆರಿಕದ ದೂರದ ಚಿಕ್ಕಪ್ಪನೊಬ್ಬ ಇಬ್ಬರನ್ನೂ ಕರೆಸಿಕೊಳ್ಳಲು ಒಪ್ಪಿದ. ಆದರೆ ಹಾಂಕಾಳ ಎದೆಯಲ್ಲಿ ಕ್ಷಯ ಇದೆಯೆಂದು ವೈದ್ಯರು ಅವಳನ್ನು ತಡೆದರು. ಹುಡುಗ ಹೋಗುವುದಿಲ್ಲವೆಂದು ಹಟ ಹಿಡಿದ. ಅವಳೇ ಸ್ಟೇಷನ್ನಿಗೆ ಕರೆತಂದು, ಆ ಬಿಸಿಲಲ್ಲಿ ಅವನಿಗೆ ಉಣ್ಣೆಯ ಕೋಟು ತೊಡಿಸಿ, ಕೊರಳವರೆಗೆ ಗುಂಡಿ ಹಾಕಿದಳು. “ಅಮೆರಿಕದಲ್ಲಿ ಚಳಿ. ಬಿಚ್ಚಬೇಡ.” ಬೊಂಬಾಯಿ ಬರುವವರೆಗೂ ಬೆವರಿನಲ್ಲಿ ಮಿಂದರೂ ಅವನು ಬಿಚ್ಚಲಿಲ್ಲ.

ಹದಿನೆಂಟು ತುಂಬುತ್ತಲೇ ಸೈನ್ಯ ಸೇರಿದ್ದು ದೇಶಭಕ್ತಿಗಲ್ಲ. ಸೈನಿಕನಾದರೆ ಪೌರತ್ವ ಬೇಗ ಸಿಗುತ್ತದೆ, ಆಗ ಅಕ್ಕನನ್ನು ಕರೆಸಿಕೊಳ್ಳಬಹುದು ಎಂದು ಯಾರೋ ಹೇಳಿದ್ದರು. ತರಬೇತಿ ನಡೆಯುತ್ತಿರುವಾಗಲೇ, ಮಿರಜಿನ ಕಡೆಯ ಒಂದು ಆಸ್ಪತ್ರೆಯಲ್ಲಿ ಅವಳು ತೀರಿಕೊಂಡಳೆಂಬ ಸುದ್ದಿ ಬಂತು. ಇದನ್ನು ಹೇಳಿದ ದಿನ ಅಪ್ಪ, “ಮತ್ತೆ ಸೈನ್ಯ ಯಾಕೆ ಬಿಡಲಿಲ್ಲ?” ಎಂದು ಕೇಳಿದರು. ಸ್ಟೆಫಾನ್ ತಟ್ಟೆಯ ಅಂಚನ್ನು ಬೆರಳಿಂದ ಒರೆಸುತ್ತ, “ಇರೋದಕ್ಕೂ ಕಾರಣ ಇರಲಿಲ್ಲ, ಬಿಡೋದಕ್ಕೂ ಇರಲಿಲ್ಲ” ಎಂದರು.

ಆ ಬೇಸಿಗೆ ನಾವು ಊರಿಗೆ ಹೊರಟಾಗ ಅಪ್ಪ ಅವರನ್ನೂ ಒಪ್ಪಿಸಿದರು. ನಿಪ್ಪಾಣಿಯಿಂದ ಮಿರಜ ದೂರವಲ್ಲ. ಹೊಸ ಬೂಟು ಹಾಕಿಕೊಂಡು ನಮ್ಮ ಜೊತೆ ವಿಮಾನ ನಿಲ್ದಾಣದವರೆಗೂ ಬಂದರು. ಸಾಲು ಮುಂದೆ ಸರಿಯಿತು, ಅವರು ಸರಿಯಲಿಲ್ಲ. ಅಪ್ಪ ವಾಚು ನೋಡಿ, “ಯಲ್ಲಾ, ಸ್ಟೆಫಾನ್, ಹೊರಡೋಣ” ಎಂದರು. ಅವರ ಮುಖ ಬಿಳುಚಿತ್ತು. “ಹೋದರೆ ಮತ್ತೆ ಅವಳನ್ನು ಬಿಟ್ಟು ಬರಬೇಕಲ್ಲ. ಒಂದು ಸಲ ಬಿಟ್ಟದ್ದೇ ಸಾಕು.” ಚೀಲವನ್ನು ಎದೆಗವಚಿಕೊಂಡು ಜನರ ನಡುವೆ ಹಿಂದಕ್ಕೆ ನಡೆದುಬಿಟ್ಟರು. ಯುದ್ಧ ಕಂಡು ಬಂದವರು ಹಾಗೆ ಸೋತು ನಡೆಯುವುದನ್ನು ನೋಡಿ ನನಗೆ ಅಳು ಬಂತು. ಅಪ್ಪ ನಮ್ಮ ಪೆಟ್ಟಿಗೆಗಳನ್ನು ಮುಂದೆ ತಳ್ಳಿದರು.

ಅವ್ವ ಮಾತ್ರ ನನ್ನನ್ನು ಕರೆದುಕೊಂಡು ಮಿರಜಿಗೆ ಹೋದಳು. ಆಸ್ಪತ್ರೆಯ ಹಿಂದಿನ ಹಳೆಯ ಸ್ಮಶಾನದಲ್ಲಿ ಹುಲ್ಲು ಸೊಂಟದವರೆಗೆ ಬೆಳೆದಿತ್ತು. ಮರದ ಶಿಲುಬೆಗಳನ್ನು ಗೆದ್ದಲು ತಿಂದಿತ್ತು. ಕಲ್ಲುಗಳ ಮೇಲೆ ಅಕ್ಷರವೇ ಇರಲಿಲ್ಲ. ಕಾವಲಿನವನಿಗೂ ಏನೂ ಗೊತ್ತಿರಲಿಲ್ಲ. ಸೆರಗಿನಿಂದ ಕಲ್ಲು ಉಜ್ಜಿ ಉಜ್ಜಿ ಅವ್ವನ ಸೆರಗು ಹಸಿರಾಯಿತು. ಮರಳಿ ಕುವೈತಿಗೆ ಬಂದ ಮೊದಲ ಶುಕ್ರವಾರ ಸ್ಟೆಫಾನ್ ಊಟ ಮುಗಿಯುವವರೆಗೂ ಏನನ್ನೂ ಕೇಳಲಿಲ್ಲ. ಕೊನೆಗೆ ಅವ್ವನೇ ಮರಾಠಿಯಲ್ಲಿ ಹೇಳಿದಳು. “ಸಿಗಲಿಲ್ಲ ಕಾಕಾ. ಹೆಸರೆಲ್ಲ ಅಳಿಸಿಹೋಗಿವೆ. ಯಾರನ್ನೂ ಬಿಡದೆ ಎಲ್ಲರಿಗೂ ಒಂದೊಂದು ಹೂ ಇಟ್ಟು ಬಂದೆ.” ಯಾವ ಹೂ ಎಂದು ಅವರು ಕೇಳಿದರು. “ಶೇವಂತಿ.” ಆ ಹೆಸರನ್ನು ತುಟಿಯಲ್ಲೇ ಹೇಳಿಕೊಂಡು, ಅವ್ವನ ಕೈಯನ್ನು ಹಣೆಗೆ ಒತ್ತಿಕೊಂಡರು.

ಮರುವರ್ಷ ಅವರ ಕೆಲಸ ಖಲಾಸ್ ಆಗಿ ಅಮೆರಿಕಕ್ಕೆ ಹೋದರು. ಆರಂಭದಲ್ಲಿ ಫೋನು ಬರುತ್ತಿತ್ತು, ಆಮೇಲೆ ನಿಂತಿತು. ಒಂದು ಜುಲೈಯಲ್ಲಿ ಅವರ ಹಳೆಯ ಸಹೋದ್ಯೋಗಿಯೊಬ್ಬ ಅಪ್ಪನಿಗೆ ಸಿಕ್ಕು, ಅವರು ತೀರಿಕೊಂಡರೆಂದೂ ಸೈನಿಕರ ಸ್ಮಶಾನದಲ್ಲಿ ಮಣ್ಣಾದರೆಂದೂ ಹೇಳಿದ. ಅಮೃತಶಿಲೆಯಲ್ಲಿ ಹೆಸರು ಕೆತ್ತಿದ್ದಾರಂತೆ. ಆದರೆ ಬಂಧುಗಳೆಂದು ಯಾರೂ ಬಂದಿರಲಿಲ್ಲವಂತೆ. ಅವ್ವ ಕೇಳಿಸಿಕೊಂಡು ಎದ್ದು ಬಚ್ಚಲಿಗೆ ಹೋದಳು. ಸೂತಕಕ್ಕೆ ನಮ್ಮಲ್ಲಿ ತಣ್ಣೀರ ಸ್ನಾನ. ಕುವೈತಿನ ಆ ಬೇಸಿಗೆಯಲ್ಲಿ ಯಾವ ನಲ್ಲಿ ತಿರುಗಿಸಿದರೂ ಸುಡುನೀರೇ ಬರುತ್ತಿತ್ತು. ಅವ್ವ ಅದನ್ನೇ ತಲೆಯ ಮೇಲೆ ಸುರಿದುಕೊಂಡಳು. ತೊಯ್ದ ಕೂದಲಲ್ಲಿ ಹೊರಬಂದು ನನ್ನ ಕೈಗೆ ತಂಬಿಗೆ ಕೊಟ್ಟಳು.

“ಹೋಗು, ನೀನೂ ಮಾಡು. ನಿನಗ ಅಜ್ಜ ಆಗಬೇಕು.”

ನಾನು ಒಳಗೆ ಹೋಗಿ ನಲ್ಲಿ ತಿರುಗಿಸಿದೆ.